ಸಮುದ್ರದಾಚೆ ಒಂದು ಬಾಣಂತನ

ಮಾರೇನಹಳ್ಳಿ

ನಾನು ಆಫ್ರಿಕಕ್ಕೆ ಹೊರಟಿದ್ದೇನೆ ಎಂದಾಗ ರಾಜಾಜಿನಗರದ ನಮ್ಮ ಬೇಕರಿಯಲ್ಲಿ ಎಲ್ಲರೂ ಕೇಳಿದ್ದು ಸಿಂಹದ ವಿಚಾರ. ಬಂದೂಕು ಕೊಡುತ್ತಾರಾ, ಮನೆಗೆ ಬಾಗಿಲು ಇರುತ್ತದಾ ಎಂದೆಲ್ಲ ವಿಚಾರಿಸಿದರು. ಹೋಗುತ್ತಿರುವುದು ಅಕ್ಕನ ಬಾಣಂತನಕ್ಕೆ ಎಂದ ಮೇಲೆ ಸಿಂಹವನ್ನು ಮರೆತೇಬಿಟ್ಟರು. ಭಟ್ಟಿಯ ಮುಂದೆ ನಿಂತಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಗಂಡಸು ಬಾಣಂತನ ಮಾಡುವುದನ್ನು ಅವರು ಕೇಳಿರಲಿಲ್ಲ. ನಿಜ ಹೇಳಬೇಕೆಂದರೆ ನಾನೂ ಕೇಳಿರಲಿಲ್ಲ.

ಇದು ಐವತ್ತರ ದಶಕದ ಮಾತು. ನಮ್ಮ ಮಾರೇನಹಳ್ಳಿ ಆಗ ಹಳ್ಳಿಯೇ. ಮಾಗಡಿ ರಸ್ತೆಯ ಆಚೆ ರಾಜಾಜಿನಗರದ ಹೊಸ ಮನೆಗಳು ಏಳುತ್ತಿದ್ದವು, ಈಚೆ ನಮ್ಮ ರಾಗಿ ಹೊಲ. ಅಪ್ಪ ತೀರಿಕೊಂಡಿದ್ದರು. ಮನೆಯಲ್ಲಿ ಅವ್ವ ಮತ್ತು ನಾನು. ಅಕ್ಕ ಗೌರಿ ಕೆಲವು ವರ್ಷಗಳ ಹಿಂದೆ, ಕೆಂಗೇರಿ ಸ್ಟೇಷನ್ನಿನಲ್ಲಿ ಕೆಲಸಕ್ಕಿದ್ದ ಸೆಲ್ವರಾಜನನ್ನು ಮದುವೆಯಾಗಿದ್ದಳು. ಅವರು ನಮ್ಮ ಜಾತಿಯವರಲ್ಲ, ಮನೆಮಾತೂ ಬೇರೆ. ಮದುವೆಯಾದ ಸ್ವಲ್ಪ ದಿನಕ್ಕೇ ಭಾವನಿಗೆ ಕೀನ್ಯಾದ ರೈಲ್ವೆಯಲ್ಲಿ ಕೆಲಸ ಸಿಕ್ಕಿ ಇಬ್ಬರೂ ಹಡಗು ಹತ್ತಿದರು. ಅಂದಿನಿಂದ ಅವ್ವ ಅಕ್ಕನ ಹೆಸರು ಎತ್ತಿರಲಿಲ್ಲ.

ಅಕ್ಕ ಬಸುರಿ, ಇಲ್ಲಿ ಹೆಣ್ಣುದಿಕ್ಕಿಲ್ಲ, ಯಾರಾದರೂ ಬರಲು ಆಗುತ್ತದೆಯೇ ಎಂದು ಭಾವ ಕೀನ್ಯಾದಿಂದ ಕಾಗದ ಬರೆದು, ಹಡಗಿನ ಟಿಕೆಟ್ಟನ್ನೂ ಕಳಿಸಿದ್ದರು. ನಾನು ಅವ್ವನಿಗೆ ಹೇಳಿದೆ. ಅವಳು ಒಲೆಯ ಮುಂದಿನಿಂದ ತಲೆ ಎತ್ತಲಿಲ್ಲ.

"ನಾನ್ಯಾಕೆ ಹೋಗ್ಲಿ? ಹೋದೋಳು ನನ್ನ ಕೇಳಿ ಹೋದ್ಲಾ?"

ಆದರೆ ಮಾರನೆಯ ದಿನ ಬೇಕರಿಯಿಂದ ಬಂದಾಗ ಮನೆಯೆಲ್ಲ ಘಾಟು. ಅವ್ವ ಬಾಣಲೆಯಲ್ಲಿ ಮೆಣಸು ಹುರಿಯುತ್ತಿದ್ದಳು. ಪಕ್ಕದ ಮೊರದಲ್ಲಿ ಹಿಪ್ಪಲಿ, ಒಣಶುಂಠಿ, ಓಮ.

"ಯಾರ್ಗವ್ವ ಇದು?"

"ಯಾರ್ಗೋ ಒಬ್ರಿಗೆ. ನೋಡ್ಕೋ, ಘಾಟು ಏಳ್ಬೇಕು, ಸೀಯಬಾರ್ದು. ಇದ್ನ ಬಿಸಿ ಅನ್ನಕ್ಕೆ ತುಪ್ಪ ಹಾಕಿ ಕಲಸ್ಕೊಡು. ಬೆಳ್ಳುಳ್ಳಿನ ಕೆಂಡದಲ್ಲಿ ಸುಟ್ಟೇ ಕೊಡ್ಬೇಕು ಕಣ್ಲಾ. ಬರೀ ಬೇಯಿಸಿ ಕೊಟ್ರೆ ಉಗೀತಾಳೆ. ಚಿಕ್ಕೋಳಿದ್ದಾಗ್ಲಿಂದ ಹಂಗೇಯ."

ಹೊರಡುವ ಹೊತ್ತಿಗೆ ಗೋಣಿಯ ಗಂಟೊಂದು ಸಿದ್ಧವಾಗಿತ್ತು. ಬಾಣಂತಿಯ ಖಾರ, ಬೆಲ್ಲ, ಒಣಕೊಬ್ಬರಿ, ರಾಗಿ ಹುರಿಹಿಟ್ಟು. ಬೇಕರಿಯ ಯಜಮಾನರು, ಅಲ್ಲಿ ಬಾಣಂತಿಗೆ ರಸ್ಕು ಮಾಡಿಕೊಡು ಎಂದು ಒಂದು ಡಬ್ಬಿ ಯೀಸ್ಟ್ ಕೊಟ್ಟರು. ಅದನ್ನೂ ಗಂಟಿನೊಳಗೆ ತುರುಕಿದೆ. ಅವ್ವ ದಬ್ಬಳದಲ್ಲಿ ಬಾಯಿ ಹೊಲಿದಳು.

ಹಡಗು

ಬೊಂಬಾಯಿಯಲ್ಲಿ ಹಡಗು ಹತ್ತುವ ತನಕ ನಾನು ನೋಡಿದ ದೊಡ್ಡ ನೀರೆಂದರೆ ಕೆಂಗೇರಿ ಕೆರೆ. ನಮ್ಮದು ಡೆಕ್ಕಿನ ಟಿಕೆಟ್ಟು, ಅಂದರೆ ಆಕಾಶದ ಕೆಳಗೆ ಚಾಪೆ ಹಾಸಿಕೊಂಡವನದೇ ಜಾಗ. ನನ್ನ ಎಡಕ್ಕೆ ಒಂದು ಗುಜರಾತಿ ಸಂಸಾರ, ಬಲಕ್ಕೆ ನೈರೋಬಿಗೆ ಮರಗೆಲಸಕ್ಕೆ ಹೋಗುತ್ತಿದ್ದ ಒಬ್ಬ ಸರ್ದಾರ್ಜಿ. ಗುಜರಾತಿ ತಾಯಿ ನನಗೆ ಒಣ ರೊಟ್ಟಿ, ಉಪ್ಪಿನಕಾಯಿ ಕೊಟ್ಟರು. ಎರಡನೆಯ ತುತ್ತಿಗೆ ಹಡಗು ಒಮ್ಮೆ ವಾಲಿತು. ಮುಂದಿನ ಕೆಲವು ದಿನ ನಾನು ತಲೆ ಎತ್ತಲಿಲ್ಲ.

ಆ ಹಡಗಿನಲ್ಲಿ ಒಂದು ಪದ್ಧತಿ. ಬೆಳಗಾದರೆ ಖಲಾಸಿಗಳು ಸಮುದ್ರದ ನೀರನ್ನು ಕೊಳವೆಯಲ್ಲಿ ಎತ್ತಿ ಡೆಕ್ಕಿಗೆಲ್ಲ ಹೊಡೆದು ತೊಳೆಯುತ್ತಾರೆ. ಕೂಗು ಬಿದ್ದ ಕೂಡಲೇ ಎಲ್ಲರೂ ತಮ್ಮ ಸಾಮಾನು ಎತ್ತಿಕೊಂಡು ನಿಲ್ಲಬೇಕು. ನನ್ನ ಚಾಪೆಯನ್ನೂ ನನ್ನನ್ನೂ ಸರ್ದಾರ್ಜಿ ಎತ್ತಿ ನಿಲ್ಲಿಸಿದರು. ಗಂಟು ಕಂಬಿಯ ಹಿಂದೆ ಇದ್ದದ್ದು ಅವರಿಗೆ ಕಾಣಲಿಲ್ಲ. ನನಗೆ ಆಗ ನನ್ನ ಕೈಕಾಲೇ ಕಾಣುತ್ತಿರಲಿಲ್ಲ.

ಬೇಕರಿಯಲ್ಲಿ ಕೆಲಸ ಮಾಡಿದವರಿಗೆ ಮುಂದಿನದು ಹೇಳಬೇಕಾಗಿಲ್ಲ. ಯೀಸ್ಟಿನ ಡಬ್ಬಿಯ ಮುಚ್ಚಳ ಯಾವಾಗಲೋ ಸಡಿಲವಾಗಿತ್ತು. ನೀರು ಸಿಕ್ಕಿತು, ಬೆಲ್ಲ ಕರಗಿತು, ರಾಗಿ ಹಿಟ್ಟು ಇತ್ತು, ಮೇಲೆ ಸಮಭಾಜಕದ ಬಿಸಿಲು. ನಾನು ಚೇತರಿಸಿಕೊಂಡು ಎದ್ದು ಕೂತ ದಿನ ಗಂಟು ಉಬ್ಬಿ ನಿಂತಿತ್ತು. ಸಂಜೆಯ ಹೊತ್ತಿಗೆ ಅವ್ವನ ಹೊಲಿಗೆ ಒಂದೊಂದೇ ಪಟಪಟನೆ ಬಿಟ್ಟುಕೊಂಡಿತು. ಕೆಂಗೇರಿ ಕಡೆಯ ಈಚಲ ತೋಪಿನ ಹೆಂಡದ ವಾಸನೆ ಡೆಕ್ಕಿನ ತುಂಬ ಹರಡಿತು.

"ನಿನ್ನ ಗಂಟು ನಿಮ್ಮ ಅಕ್ಕನಿಗಿಂತ ಮೊದಲೇ ಹೆತ್ತಿತಲ್ಲಪ್ಪ" ಎಂದು ಸರ್ದಾರ್ಜಿ ಹಿಂದೂಸ್ತಾನಿಯಲ್ಲಿ ಹೇಳಿದರು. ಸುತ್ತಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆಮೇಲೆ ಆ ಕಂದು ಗಂಜಿಯಂಥ ಹಿಟ್ಟಿನೊಳಗೆ ಕೈ ಹಾಕಿ ಖಾರದ ಪೊಟ್ಟಣ ಹುಡುಕಿದೆ. ಬಟ್ಟೆ ಮಾತ್ರ ಸಿಕ್ಕಿತು. ಅದರ ಗಂಟನ್ನು ಅವ್ವ ಹಲ್ಲಿನಲ್ಲಿ ಕಚ್ಚಿ ಬಿಗಿದದ್ದು ನೆನಪಾಗಿ, ನಗು ಅಲ್ಲಿಗೇ ನಿಂತಿತು.

ಮೊಂಬಾಸ

ಮೊಂಬಾಸ ಬಂದರಿನಲ್ಲಿ ಬಿಳಿ ಚಡ್ಡಿ ತೊಟ್ಟ ಒಬ್ಬ ಅಧಿಕಾರಿ ನನ್ನ ಗಂಟನ್ನು ಬೆತ್ತದಲ್ಲಿ ತಿವಿದು, ಮೂಗು ಮುಚ್ಚಿಕೊಂಡು ಕಸದ ತೊಟ್ಟಿಯ ಕಡೆ ಕೈ ತೋರಿಸಿದ. ಇದು ಬಾಣಂತಿಯ ಔಷಧಿ ಎಂದು ನನಗೆ ಬಂದ ಇಂಗ್ಲಿಷಿನಲ್ಲಿ ಹೇಳಿದೆ. ಅವನು ಇನ್ನಷ್ಟು ಗಾಬರಿಯಾದ. ಅವ್ವನ ಖಾರ ಆಫ್ರಿಕದ ನೆಲಕ್ಕೆ ಕಾಲಿಡಲಿಲ್ಲ.

ಊರು ಮಾತ್ರ ಪರದೇಶ ಅನ್ನಿಸಲಿಲ್ಲ. ಅದೇ ತೆಂಗು, ಅದೇ ಮಾವು, ಅದೇ ಹುಣಸೆ. ಜನ ಎದುರುಬದುರಾದರೆ ಸುಮ್ಮನೆ ದಾಟಿ ಹೋಗುವುದಿಲ್ಲ. ನಿಂತು ಮನೆ, ಮಕ್ಕಳು, ಮೈ, ಕೆಲಸ ಎಲ್ಲ ವಿಚಾರಿಸಿಕೊಂಡೇ ಮುಂದಕ್ಕೆ ಹೋಗುತ್ತಾರೆ. ನಮ್ಮೂರ ಅರಳಿಕಟ್ಟೆಯನ್ನೇ ಬೀದಿಗೆ ತಂದಂತೆ. ಪೇಟೆಗೆ ಹೋಗಿ ಮೆಣಸು ಬೆಲ್ಲ ಕೊಳ್ಳುವಷ್ಟು ಹೊತ್ತಿರಲಿಲ್ಲ, ರೈಲು ಹೊರಡುವುದರಲ್ಲಿತ್ತು. ದಾರಿಯಲ್ಲಿ ವೋಯಿ ಎಂಬ ಊರಲ್ಲಿ ಗುಜರಾತಿ ಅಂಗಡಿ ಇದೆಯಂತೆ, ಅಲ್ಲಿ ಕೊಂಡರಾಯಿತು ಎಂದುಕೊಂಡೆ. ವೋಯಿಯಲ್ಲಿ ಇಳಿದಾಗ ಅಂಗಡಿ ಇನ್ನೂ ತೆರೆದಿರಲಿಲ್ಲ. ನಾನು ಹತ್ತಬೇಕಿದ್ದ ಕವಲು ದಾರಿಯ ರೈಲು ಸೀಟಿ ಊದುತ್ತಿತ್ತು.

ವೋಯಿಯ ಆಚೆ

ಕಿಟಕಿಯ ಹೊರಗೆ ಕೆಂಪು ಮಣ್ಣು. ಮಾರೇನಹಳ್ಳಿಯ ಮಣ್ಣಿಗಿಂತ ಒಂದು ಬಣ್ಣ ಗಾಢ. ಆ ಮಣ್ಣಿನಲ್ಲಿ ಹೊರಳಿ ಕೆಂಪಾದ ಆನೆಗಳು. ಆನೆಗಳಿಗೇ ಸರಿಗಟ್ಟುವ ದಪ್ಪ ಬುಡದ ಮರಗಳು, ಮೇಲೆ ನಾಲ್ಕೇ ಕೊಂಬೆ. ರೈಲು ನಿಂತ ಸ್ಟೇಷನ್ನಿನಲ್ಲಿ ಒಂದು ತಗಡಿನ ಕೋಣೆ, ಅದರ ಹಿಂದೆ ಕೆಲಸಗಾರರ ನಾಲ್ಕು ಮನೆಗಳು, ಅಷ್ಟೆ. ಭಾವ ಓಡಿ ಬಂದು ನನ್ನ ಕೈ ಹಿಡಿದುಕೊಂಡರು.

"ವಾ ತಂಬಿ. ಮಗು ಬಂದ್ಬಿಡ್ತು. ಹೆಣ್ಣು. ಗೌರಿನೇ ಸರಿಯಾಗಿ ತಿಂತಾ ಇಲ್ಲ."

ಅಕ್ಕ ಹಗ್ಗದ ಮಂಚದ ಮೇಲೆ ಮಲಗಿದ್ದಳು. ಕೆನ್ನೆ ಒಳಕ್ಕೆ ಹೋಗಿತ್ತು. ಪಕ್ಕದಲ್ಲಿ ಮಗು, ಅಳುವುದಕ್ಕೂ ಶಕ್ತಿ ಸಾಲದಂತೆ ಕೀರಲು ದನಿ ತೆಗೆಯುತ್ತಿತ್ತು. ಅಕ್ಕ ನನ್ನನ್ನು ನೋಡಿದಳು. ಆಮೇಲೆ ನನ್ನ ಹಿಂದಿನ ಬಾಗಿಲನ್ನು ನೋಡಿದಳು.

"ಅವ್ವ?"

"ಬರ್ಲಿಲ್ಲ ಅಕ್ಕ. ಖಾರ ಮಾಡಿ ಕಳ್ಸಿದ್ಲು. ಬೆಲ್ಲ, ಹುರಿಹಿಟ್ಟು, ಎಲ್ಲಾನೂ."

"ಎಲ್ಲಿ?"

ನಾನು ಹಡಗಿನ ಕಥೆ ಹೇಳಿದೆ. ಹೇಳುತ್ತಾ ಹೋದಂತೆ ಅದು ನನ್ನ ಕಿವಿಗೇ ಕಟ್ಟುಕಥೆಯಂತೆ ಕೇಳತೊಡಗಿತು. ಅಕ್ಕ ಗೋಡೆಯ ಕಡೆ ಹೊರಳಿದಳು.

"ಸುಳ್ಳು ಹೇಳ್ಬ್ಯಾಡ ಪುಟ್ಟಸ್ವಾಮಿ. ಅವ್ವ ಏನೂ ಕಳ್ಸಿಲ್ಲ. ನನ್ಗೆ ಬೇಜಾರಾಗ್ತದೆ ಅಂತ ದಾರೀಲಿ ಕಟ್ಕೊಂಡ್ ಬಂದಿದೀಯ."

ನಾನು ಏನು ಹೇಳಿದರೂ ಅವಳು ತಿರುಗಲಿಲ್ಲ. ಎದೆಯಲ್ಲಿ ಹಾಲು ಇಳಿಯುತ್ತಿಲ್ಲ, ಇವಳು ತಿನ್ನದಿದ್ದರೆ ಇಳಿಯುವುದೂ ಇಲ್ಲ ಎಂದು ಭಾವ ಹೊರಗೆ ಬಂದು ಮೆಲ್ಲಗೆ ಹೇಳಿದರು. ಅಂದು ಮಧ್ಯಾಹ್ನವೇ ಮಳೆ ಹಿಡಿಯಿತು. ನಮ್ಮ ಕಡೆಯ ಮಳೆಯಂತೆ ಬಂದು ಹೋಗುವುದಲ್ಲ, ತಗಡಿನ ಮೇಲೆ ಕೂತೇಬಿಡುವ ಮಳೆ. ವೋಯಿಯ ದಾರಿಯಲ್ಲಿ ಹಳಿಯ ಕೆಳಗಿನ ಮಣ್ಣು ಕೊಚ್ಚಿಹೋಯಿತೆಂದು ಸುದ್ದಿ ಬಂತು. ಭಾವ ಕೆಲಸದವರ ಜೊತೆ ಅಲ್ಲಿಗೆ ಹೋಗಬೇಕಾಯಿತು. ರೈಲಿಲ್ಲ ಎಂದರೆ ಅಂಗಡಿಯೂ ಇಲ್ಲ. ಬಾಣಂತಿ, ಮಗು, ನಾನು. ಬಾಣಂತನದ ಸಾಮಾನು ಒಂದೂ ಇಲ್ಲ.

ಹಲೀಮಳ ಮನೆ

ಇಲ್ಲ ಎಂದೆನಲ್ಲ, ಅದು ತಪ್ಪು. ಪಕ್ಕದ ಮನೆಯಲ್ಲಿ ಹಲೀಮಾ ಇದ್ದಳು. ಅವಳ ಗಂಡ ಅದೇ ಸ್ಟೇಷನ್ನಿನಲ್ಲಿ ಹಳಿ ಬದಲಿಸುವ ಕೆಲಸದವನು. ಅವ್ವನ ವಯಸ್ಸಿನವಳು, ಎತ್ತರದ ಆಳು, ಹೂವಿನ ಬಟ್ಟೆಯೊಂದನ್ನು ಸೊಂಟಕ್ಕೆ, ಇನ್ನೊಂದನ್ನು ಹೆಗಲಿಗೆ ಸುತ್ತಿಕೊಂಡಿರುತ್ತಿದ್ದಳು. ಹೆರಿಗೆ ಮಾಡಿಸಿದ್ದು ಅವಳೇ. ದಿನವೂ ಬಂದು ಅಕ್ಕನಿಗೆ ಎಣ್ಣೆ ತಿಕ್ಕಿ, ಹೊಗೆಯಾಡುವ ನೀರು ಹುಯ್ದು, ಹೊಟ್ಟೆಗೆ ಬಟ್ಟೆ ಬಿಗಿದು ಕಟ್ಟುತ್ತಿದ್ದಳು. ನಮ್ಮೂರ ಸೂಲಗಿತ್ತಿಯನ್ನು ಯಾರೋ ನನಗಿಂತ ಮೊದಲೇ ಹಡಗು ಹತ್ತಿಸಿದಂತಿತ್ತು.

ಅವಳು ದಿನವೂ ಒಂದು ಬಟ್ಟಲು ಕಂದು ಗಂಜಿ ತಂದಿಡುತ್ತಿದ್ದಳಂತೆ. ಅಕ್ಕ ಮುಟ್ಟುತ್ತಿರಲಿಲ್ಲ. ಅಕ್ಕ ಭಾವ ನೈರೋಬಿಯಿಂದ ಆ ಸ್ಟೇಷನ್ನಿಗೆ ಬಂದು ಕೆಲವೇ ತಿಂಗಳಾಗಿತ್ತು, ಅಲ್ಲಿಯ ಊಟ ಅವಳಿಗೆ ಇನ್ನೂ ಹತ್ತಿರವಾಗಿರಲಿಲ್ಲ. ಅಂದೂ ಬಟ್ಟಲು ಹಾಗೇ ಇತ್ತು. ಹಸಿದಿದ್ದ ನಾನು ಎತ್ತಿ ಕುಡಿದೆ. ಕುಡಿದವನು ಬಟ್ಟಲು ಹಿಡಿದುಕೊಂಡೇ ಮಳೆಯಲ್ಲಿ ಹಲೀಮಳ ಮನೆಗೆ ಓಡಿದೆ. ನನಗೆ ಅವಳ ಭಾಷೆ ಬಾರದು, ಅವಳಿಗೆ ನನ್ನದು ಬಾರದು. ಬಟ್ಟಲು ತೋರಿಸಿದೆ. ಅವಳು ಮೂಲೆಯ ಪುಟ್ಟಿಯೊಂದರ ಮುಚ್ಚಳ ತೆಗೆದಳು.

"ವಿಂಬಿ" ಎಂದಳು.

ಪುಟ್ಟಿಯ ತುಂಬ ರಾಗಿ. ನಾನು ಮೊಣಕೈಯ ತನಕ ಕೈ ಹಾಕಿ ನಿಂತುಬಿಟ್ಟೆ. ಅವಳು ನನ್ನ ಮುಖ ನೋಡಿ, ಏನೂ ಕೇಳದೆ, ಒಂದು ಮೊರ ರಾಗಿ ಅಳೆದುಕೊಟ್ಟಳು.

ಅದಾದ ಮೇಲೆ ನಾನು ಅವಳ ಅಡುಗೆಮನೆಯಲ್ಲೇ ಹೆಚ್ಚು ಇದ್ದೆ. ಕಾಳು ಮೆಣಸಿಗೆ ಅವರ ಮಾತು ಪಿಲಿಪಿಲಿ ಮಂಗಾ. ಅವರಲ್ಲೂ ಬಾಣಂತಿಗೆ ಮೆಣಸೇ ಔಷಧಿ. ನಮ್ಮ ಹಿಪ್ಪಲಿಯೇ ಪಿಲಿಪಿಲಿ ಆಯಿತೋ ಏನೋ, ಬಲ್ಲವರು ಹೇಳಬೇಕು. ಹಿಪ್ಪಲಿ ಸಿಗಲಿಲ್ಲ. ಅದರ ಬದಲು ಮೆಣಸನ್ನೇ ಸ್ವಲ್ಪ ಹೆಚ್ಚಿಗೆ ಹಾಕಿದೆ. ಒಣಶುಂಠಿ ಇರಲಿಲ್ಲ, ಹಸಿಶುಂಠಿಯನ್ನು ತೆಳ್ಳಗೆ ಹೆಚ್ಚಿ ಒಲೆಯ ಮೇಲಿನ ತಟ್ಟಿಯಲ್ಲಿ ಒಣಗಿಸಿದೆ. ಹಲೀಮಾ ಕೊಟ್ಟ ಹಾಲಿನ ಕೆನೆ ತೆಗೆದು, ಬಾಯಿ ಅಗಲದ ಸೀಸೆಯಲ್ಲಿ ಕುಲುಕಿ ಬೆಣ್ಣೆ ತೆಗೆದು ಕಾಯಿಸಿದೆ. ರಾಗಿಗೆ ನೀರು ಚಿಮುಕಿಸಿ ನೆನೆಗೊಟ್ಟು, ಬಿಸಿ ಮರಳಿನಲ್ಲಿ ಹುರಿದಾಗ ಅರಳು ಬಿಳಿಯಾಗಿ ಸಿಡಿಯಿತು. ಹಲೀಮಾ ಬಾಯಿಗೆ ಕೈ ಇಟ್ಟುಕೊಂಡು ನೋಡಿದಳು. ಅಷ್ಟು ವರ್ಷ ಜೊತೆಯಲ್ಲಿದ್ದ ಧಾನ್ಯ ಹೀಗೆ ಅರಳುವುದನ್ನು ಅವಳು ಕಂಡಿರಲಿಲ್ಲ. ಅದನ್ನು ಅವಳೇ ಒನಕೆ ಹಿಡಿದು ಕುಟ್ಟಿಕೊಟ್ಟಳು.

ಅಕ್ಕನ ತಟ್ಟೆಗೆ ಬಿಸಿ ಅನ್ನ, ತುಪ್ಪ, ಖಾರ ಹಾಕಿದೆ. ಕೆಂಡದಲ್ಲಿ ಸುಟ್ಟ ಬೆಳ್ಳುಳ್ಳಿಯನ್ನು ಸುಲಿದು ಪಕ್ಕಕ್ಕೆ ಇಟ್ಟೆ. ಅವಳು ಒಲ್ಲದ ಮನಸ್ಸಿನಿಂದಲೇ ಎದ್ದು ಕೂತಳು. ಬೆಳ್ಳುಳ್ಳಿಯ ಒಂದು ಎಸಳು ಎತ್ತಿ ನೋಡಿದಳು.

"ಸುಟ್ಟು ಕೊಡು ಅಂತ ನಿನ್ಗೆ ಯಾರು ಹೇಳಿದ್ರು?"

"ಅವ್ವ. ಬರೀ ಬೇಯಿಸಿ ಕೊಟ್ರೆ ಉಗೀತಾಳೆ, ಚಿಕ್ಕೋಳಿದ್ದಾಗ್ಲಿಂದ ಹಂಗೇಯ ಅಂದ್ಲು."

ಅಕ್ಕನ ಕೈ ತಟ್ಟೆಯ ಮೇಲೆ ನಿಂತಿತು. ಮಳೆಯ ಸದ್ದಿನಲ್ಲಿ ಅವಳು ಅತ್ತದ್ದು ನನಗೆ ಕೇಳಿಸಲಿಲ್ಲ, ಹೆಗಲು ಅಲುಗಿದ್ದು ಕಂಡಿತು. ಸ್ವಲ್ಪ ಹೊತ್ತಾದ ಮೇಲೆ ಆ ಎಸಳನ್ನು ಬಾಯಿಗೆ ಹಾಕಿಕೊಂಡಳು.

"ಇನ್ನೇನ್ ಅಂದ್ಲು?"

ಘಾಟು ಏಳಬೇಕು, ಸೀಯಬಾರದು ಅಂದದ್ದನ್ನು ಹೇಳಿದೆ. ಅವಳು ಊಟ ಮುಗಿಸಿದಳು.

ಮರುದಿನ ಊಟಕ್ಕೆ ಕೂತಾಗ ಮತ್ತೆ ಅದೇ ಪ್ರಶ್ನೆ. ತಲೆಗೆ ಬಟ್ಟೆ ಕಟ್ಕೊಳ್ಳಲಿ ಅಂದಳು, ತಣ್ಣೀರು ಮುಟ್ಟದಿರಲಿ ಅಂದಳು ಎಂದು ದಿನಕ್ಕೊಂದು ಹೇಳಿದೆ. ಅವ್ವ ಹೇಳಿದ್ದು ಬೇಗ ಮುಗಿದುಹೋಯಿತು. ಆಮೇಲೆ ನಾನೇ ಕಟ್ಟತೊಡಗಿದೆ. ಒಂದು ದಿನ, "ನನ್ನ ಬಂಗಾರಿ ಚೆನ್ನಾಗಿರ್ಲಿ ಅಂದ್ಲು" ಎಂದೆ.

ಅಕ್ಕ ತುತ್ತು ನಿಲ್ಲಿಸಿ ನನ್ನ ಮುಖ ನೋಡಿದಳು. "ಅವ್ವನ ಬಾಯಲ್ಲಿ ಬಂಗಾರಿ ಅನ್ನೋ ಮಾತು ಯಾವತ್ತಾದ್ರೂ ಬಂದಿದ್ದೈತೇನೋ?"

ನಾನು ತಲೆ ತಗ್ಗಿಸಿದೆ.

"ಇರ್ಲಿ" ಎಂದಳು. "ನಾಳೆನೂ ಏನಾದ್ರೂ ಹೇಳು."

ಮಗಾಡಿ

ಹಾಲು ಇಳಿಯಿತು. ಮಗು ಹೊಟ್ಟೆ ತುಂಬ ಕುಡಿದು ತೇಗಿದ ದಿನ ಹಲೀಮಾ ಅಂಗಳದಲ್ಲಿ ನಿಂತು ಗಂಟಲು ಬಿಟ್ಟು ಒಂದು ಕೇಕೆ ಹಾಕಿದಳು. ನಾಲ್ಕೂ ಮನೆಯವರು ಹೊರಗೆ ಬಂದರು.

ಬಾಯಿರುಚಿ ಮರಳಿದ ಬಾಣಂತಿ ಸುಮ್ಮನಿರುತ್ತಾಳೆಯೇ? "ನಿಮ್ಮ ಬೇಕರಿ ರಸ್ಕು ತಿನ್ನಂಗಾಗ್ತಿದೆ ಕಣೋ" ಎಂದಳು. ಗೋಧಿ ಹಿಟ್ಟಿತ್ತು. ಯೀಸ್ಟ್ ಮೊಂಬಾಸದ ತೊಟ್ಟಿಯಲ್ಲಿತ್ತು. ಯೀಸ್ಟ್ ಇಲ್ಲದಿದ್ದರೆ ಬೇಕಿಂಗ್ ಪೌಡರ್ ಆದರೂ ಬೇಕು. ಅದೇನು ದೊಡ್ಡ ವಿದ್ಯೆಯಲ್ಲ, ಸೋಡಾ ಜೊತೆಗೆ ಒಂದು ಒಣ ಹುಳಿ ಇದ್ದರಾಯಿತು. ಎರಡೂ ನೀರಿನಲ್ಲಿ ಕೂಡಿದಾಗ ಉಕ್ಕಿ ಹಿಟ್ಟನ್ನು ಮೇಲೆತ್ತುತ್ತವೆ. ನಾನು ಹಲೀಮಳ ಮುಂದೆ ಕೈಯಲ್ಲೇ ಉಕ್ಕಿಸಿ, ಬುಸ್ ಎಂದು ಸದ್ದು ಮಾಡಿ ತೋರಿಸಿದೆ. ಅವಳು ಯೋಚಿಸಿ, ಒಂದು ಚಿಪ್ಪಿನಲ್ಲಿ ಬೂದು ಬಣ್ಣದ ಹರಳು ತಂದಳು.

"ಮಗಾಡಿ."

ನಾನು ಬೆಚ್ಚಿಬಿದ್ದೆ. "ಮಾಗಡಿ?"

"ಮಗಾಡಿ" ಎಂದು ಮತ್ತೆ ಹೇಳಿ, ಒಂದು ಹರಳನ್ನು ನನ್ನ ನಾಲಿಗೆಗೆ ಮುಟ್ಟಿಸಿದಳು. ಸೋಡಾ! ಆ ದೇಶದ ಒಂದು ಕೆರೆಯಲ್ಲಿ ಅದು ಹೆಪ್ಪುಗಟ್ಟುತ್ತದಂತೆ, ಕಾಳು ಬೇಗ ಬೇಯಲೆಂದು ಅವರು ಹಾಕುತ್ತಾರೆ. ನಾನು ಒಳಗೆ ಓಡಿ, "ಅಕ್ಕ, ನಮ್ಮ ಮಾಗಡಿ ರಸ್ತೆ ಎಲ್ಲಿಗೆ ಬಂದು ಮುಟ್ತು ನೋಡು" ಎಂದೆ.

ಹುಳಿ ಆ ದಪ್ಪ ಬುಡದ ಮರದಿಂದ ಬಂತು. ಅದರ ಕಾಯಿ ಒಡೆದರೆ ಒಳಗೆ ಸೀಮೆಸುಣ್ಣದಂಥ ಬಿಳಿ ತಿರುಳು, ನಾಲಿಗೆಗೆ ಹುಣಸೆಯ ಚುರುಕು. ಅದನ್ನು ಬೀಜದಿಂದ ಬಿಡಿಸಿ, ಪುಡಿ ಮಾಡಿ ಜರಡಿ ಹಿಡಿದೆ. ಸೀಮೆಎಣ್ಣೆಯ ಹಳೆಯ ಡಬ್ಬವೊಂದನ್ನು ಸುಟ್ಟು ತೊಳೆದು, ಮರಳಿನಲ್ಲಿ ಕೂರಿಸಿ, ಮುಚ್ಚಳದ ಮೇಲೂ ಕೆಂಡ ಹರಡಿದೆ. ರಾಜಾಜಿನಗರದ ಭಟ್ಟಿಯಲ್ಲಿ ಬೆಳೆದ ಕೈ ಎಂಬ ಜಂಬ ನನಗೆ. ಸೋಡಾವನ್ನು ಧಾರಾಳವಾಗಿಯೇ ಹಾಕಿದ್ದೆ.

ಬ್ರೆಡ್ಡು ಉಬ್ಬಿತು, ನಿಜ. ಆದರೆ ಅರಿಸಿನ ಬಳಿದಂತೆ ಹಳದಿಯಾಗಿತ್ತು. ಅಕ್ಕ ಒಂದು ಚೂರು ಅಗಿದು ಕಣ್ಣರಳಿಸಿದಳು.

"ಪುಟ್ಟಸ್ವಾಮಿ, ಇದ್ರಲ್ಲಿ ಮಗೀನ ಬಟ್ಟೆ ಒಗೀಬೋದು ಕಣೋ!"

ಹಲೀಮಾ ಕೂಡ ಚೂರು ತಿಂದು ಎದ್ದು ಹೋಗಿ ಉಗಿದು ಬಂದಳು. ಅಕ್ಕ ನಗಲು ಶುರು ಮಾಡಿದವಳು ಹೊಟ್ಟೆಗೆ ಕಟ್ಟಿದ ಬಟ್ಟೆ ಹಿಡಿದುಕೊಂಡು, "ಅಯ್ಯೋ ನೋಯ್ತದೆ, ನಗಿಸ್ಬ್ಯಾಡಿ" ಎಂದು ಕಣ್ಣಲ್ಲಿ ನೀರು ಸುರಿಸಿಕೊಂಡು ನಕ್ಕಳು. ನಾನು ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಕೆಟ್ಟ ಬ್ರೆಡ್ಡು ಮಾಡಿ ಅಷ್ಟು ಸಂತೋಷಪಟ್ಟ ಬೇಕರಿಯವನು ಇನ್ನೊಬ್ಬನಿರಲಾರ.

ಎರಡನೆಯ ಸಲ ಮಗಾಡಿಯನ್ನು ಚಿಟಿಕೆಗೆ ಇಳಿಸಿ ಹುಳಿಪುಡಿಯನ್ನು ಏರಿಸಿದೆ. ಈ ಸಲ ಬಂದದ್ದು ಬ್ರೆಡ್ಡೇ. ಸ್ವಲ್ಪ ಭಾರ, ಸ್ವಲ್ಪ ಹುಳಿ, ಆದರೆ ಕೊಯ್ದರೆ ಒಳಗೆ ಸಣ್ಣ ಸಣ್ಣ ಕಣ್ಣು. ಬಿಲ್ಲೆ ಮಾಡಿ ಕೆಂಡದ ಬಿಸಿಗೆ ಒಣಗಿಸಿದ ರಸ್ಕನ್ನು ಮೂವರೂ ಹಾಲಿನಲ್ಲಿ ಅದ್ದಿಕೊಂಡು ತಿಂದೆವು. ಹಳಿ ಸರಿಯಾಗಿ, ಭಾವ ವೋಯಿಯ ಅಂಗಡಿಯಿಂದ ಬೇಕಿಂಗ್ ಪೌಡರಿನ ಡಬ್ಬಿ ಹಿಡಿದು ಬಂದಾಗ ಅಕ್ಕ ಅದನ್ನು ತೆರೆಯಲೇ ಇಲ್ಲ. "ಇಟ್ಟಿರಿ, ನೆಂಟ್ರು ಬಂದ್ರೆ ಬೇಕಾಗುತ್ತೆ" ಎಂದಳು.

ನಾನು ಹೊರಟ ದಿನ ಅವಳೇ ಮಗುವನ್ನೆತ್ತಿಕೊಂಡು ಸ್ಟೇಷನ್ನಿಗೆ ನಡೆದು ಬಂದಳು. ಅವ್ವನಿಗೆ ಏನು ಹೇಳಲಿ ಎಂದೆ. ಮಗುವಿನ ತಲೆಗೆ ಸೆರಗು ಹೊದಿಸಿದಳು.

"ಊಟ ಮಾಡ್ತಿದೀನಿ ಅಂತ ಹೇಳು."

ಮನೆ

ಅವ್ವ ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ಬಂದ್ಯಾ ಎಂದಳು, ಮೊರ ನಿಲ್ಲಿಸಲಿಲ್ಲ. ನಾನು ಕೈಕಾಲು ತೊಳೆದು ಜಗುಲಿಯ ಮೇಲೆ ಕೂತೆ. ಹೆಣ್ಣು ಮಗು, ಊಟ ಮಾಡುತ್ತಿದ್ದಾಳೆ ಎಂದೆ. ಹೂಂ ಎಂದಳು. ಮೊರ ಎರಡು ಸಲ ಹಾರಿದ ಮೇಲೆ ಕೇಳಿದಳು.

"ನೀರು ಯಾರು ಹಾಕಿದ್ರು?"

"ಪಕ್ಕದ್ಮನೆ ಹಲೀಮಮ್ಮ. ಆ ದೇಶದೋರು."

"ಕೈ ಹೆಂಗೆ, ಗಟ್ಟಿನಾ?"

"ಗಟ್ಟಿ ಅವ್ವ. ನಿನ್ನಂಗೇಯ."

"ಹೊಟ್ಟೆ ಬಿಗಿದು ಕಟ್ಟಿದ್ಲಾ?"

"ದಿನಾ ಕಟ್ಟಿದ್ಲು."

"ಆ ಯಮ್ಮಂಗೆ ಏನ್ ಕೊಟ್ಬಂದೆ?"

ಏನೂ ಕೊಟ್ಟಿರಲಿಲ್ಲ. ನನಗೆ ಹೊಳೆದೇ ಇರಲಿಲ್ಲ. ಅವ್ವ ಮೊರ ಕೆಳಗಿಟ್ಟಳು.

"ಬಾಣ್ತನ ಮಾಡ್ದೋಳ್ಗೆ ಒಂದು ಸೀರೆ ಕೊಡ್ದೆ ಬಂದ್ಯಾ? ಆ ಯಮ್ಮ ಏನಂದ್ಕಂಡಾಳು? ಹುಡ್ಗಿಗೆ ಹಿಂದೆಮುಂದೆ ಯಾರೂ ಇಲ್ಲ ಅಂದ್ಕಳಲ್ವಾ?"

"ತಕ್ಕೊಂಡು ಪಾರ್ಸಲ್ ಮಾಡೋಣ ಬಿಡವ್ವ."

"ಅದೇನ್ ಪಾರ್ಸಲ್ ಮಾಡೋ ಸಾಮಾನೇನ್ಲಾ? ಅರಿಸಿನ ಕುಂಕುಮ ಇಟ್ಟು ಮಡ್ಲಿಗೆ ಹಾಕೋದು. ಹೆತ್ತೋಳು ಕೈಯಾರ ಹಾಕ್ಬೇಕು."

ಹೇಳಿದವಳು ಮೊರ ಎತ್ತಿಕೊಂಡು ಒಳಗೆ ಹೋದಳು.

ಮಾರನೆಯ ದಿನ ನನ್ನನ್ನು ಎಬ್ಬಿಸಿ ಚಿಕ್ಕಪೇಟೆಗೆ ಹೊರಡಿಸಿದಳು. ಅಂಗಡಿಯವನು ಹಾಸಿದ ಸೀರೆಗಳನ್ನೆಲ್ಲ ಬೆರಳಲ್ಲಿ ಉಜ್ಜಿ ನೋಡಿದಳು. ಎತ್ತರ ಎಷ್ಟು, ಮೈಬಣ್ಣ ಹೇಗೆ ಎಂದು ನನ್ನನ್ನು ಕೇಳಿ ಕೇಳಿ, ಕೊನೆಗೆ ಅಗಲ ಅಂಚಿನ ಹಸಿರು ಸೀರೆಯೊಂದನ್ನು ಆರಿಸಿದಳು. ಅಷ್ಟು ಬೆಲೆಯ ಸೀರೆಯನ್ನು ಅವಳು ತನಗೆಂದು ಯಾವತ್ತೂ ಕೊಂಡವಳಲ್ಲ. ಪೊಟ್ಟಣವನ್ನು ನನ್ನ ಕೈಗೆ ಕೊಡದೆ ಎದೆಗವಚಿಕೊಂಡೇ ನಡೆದಳು.

ಬಿನ್ನಿ ಮಿಲ್ಲು ದಾಟಿ ನಮ್ಮ ದಾರಿಗೆ ತಿರುಗಿದೆವು. ಆಮೇಲೆ, ಎದುರಿಗೆ ನೋಡಿಕೊಂಡೇ ಕೇಳಿದಳು.

"ಲೋ, ಆ ಹಡಗ್ನಲ್ಲಿ ಹೆಂಗಸ್ರು ಮಲ್ಗಕ್ಕೆ ಬೇರೆ ಜಾಗ ಇರ್ತದಾ?"

"ಇರ್ತದೆ ಅವ್ವ."

"ಇದ್ರೆ ಸರಿ" ಎಂದು ಅವ್ವ ಸೆರಗು ಸರಿಮಾಡಿಕೊಂಡು, ನನಗಿಂತ ಮುಂದೆ ಮುಂದೆ ನಡೆದಳು.